ಜೂನ್ 1ರಿಂದ ನಿಮ್ಮ ಪೇಪರ್ ನಾವು ಸಬ್ಮಿಟ್ ಮಾಡುವುದಿಲ್ಲ

ಸರಸ್ವತಿಪುರಂ, ಮೈಸೂರು

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಜೂನ್ 1ರಿಂದ ನಮ್ಮಲ್ಲಿ ‘ಪಬ್ಲಿಕೇಶನ್ ಪ್ಯಾಕೇಜ್’ ಇರುವುದಿಲ್ಲ. ನಿಮ್ಮ ಪರವಾಗಿ ಜರ್ನಲ್‌ಗೆ ಸಂಶೋಧನಾ ಪೇಪರ್ ಹಾಕುವುದು, ಅದನ್ನು ಓದಿ ಪರಿಶೀಲಿಸುವ ರಿವ್ಯೂವರ್‌ಗಳ ಹೆಸರು ನಾವೇ ತುಂಬುವುದು, ‘ಸಿಮಿಲಾರಿಟಿ’ ಅಂದರೆ ಬೇರೆಯವರ ಬರಹದ ಜೊತೆಗಿನ ಹೋಲಿಕೆ ಇಳಿಸಿಕೊಡುವುದು, ಈ ಮೂರೂ ಕೆಲಸ ನಿಲ್ಲುತ್ತವೆ. ಇಂಗ್ಲಿಷ್ ತಿದ್ದುವುದು, ಮ್ಯಾಪ್, ಗ್ರಾಫ್, ಟೇಬಲ್, ಥೀಸಿಸ್ ಬೈಂಡಿಂಗ್ ಎಲ್ಲ ಮೊದಲಿನ ಹಾಗೇ ನಡೆಯುತ್ತವೆ.

ಸುಮ್ನೆ ಬೋರ್ಡ್ ಹಾಕಿ ನಿಲ್ಲಿಸಬಹುದಿತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ಈ ಪ್ಯಾಕೇಜ್ ನಂಬಿಕೊಂಡೇ ನಮ್ಮಲ್ಲಿಗೆ ಬಂದವರು. ಕಾರಣ ಹೇಳದೆ ಬಾಗಿಲು ಹಾಕಿದರೆ ತಪ್ಪಾಗುತ್ತದೆ.

ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಾಗಿ ಶುರುವಾದವರು ನಾವು. ಮಾನಸಗಂಗೋತ್ರಿ ಹತ್ತಿರ, ನಮ್ಮಲ್ಲಿ ಒಬ್ಬರು ಭೂವಿಜ್ಞಾನದಲ್ಲೇ ಎಂಎಸ್ಸಿ ಮಾಡಿದವರು. ಹಾಗಾಗಿ ಕಲ್ಲು, ಮಣ್ಣು, ಅಂತರ್ಜಲ ಅಂತ ಕೆಲಸ ಮಾಡುವವರೇ ಜಾಸ್ತಿ ಬಂದರು. ಮೊದಲು ಮ್ಯಾಪ್ ಬರೆದುಕೊಟ್ಟೆವು. ಆಮೇಲೆ ಭಾಷೆ ತಿದ್ದಿದೆವು. ‘ಹಾಗೇ ಸಬ್ಮಿಟ್ ಕೂಡ ಮಾಡಿಬಿಡಿ’ ಅಂದರು, ಅದನ್ನೂ ಮಾಡಿದೆವು. ಒಂದೊಂದೇ ಮೆಟ್ಟಿಲು ಇಳಿದಿದ್ದು ನಮಗೇ ಗೊತ್ತಾಗಲಿಲ್ಲ.

ಮೂರು ವರ್ಷದ ಹಿಂದೆ ಮಂಡ್ಯದಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಪೇಪರ್. ಬಿಸಿಲಲ್ಲಿ ಊರೂರು ಸುತ್ತಿ ನೀರು ತುಂಬಿಸಿಕೊಂಡು ಬಂದಿದ್ದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬರುತ್ತದೆ. ಇನ್ನೂ ಜಾಸ್ತಿಯಾದರೆ ಮೂಳೆಗೇ ಹಿಡಿಯುತ್ತದೆ. ಯಾವ ಬೋರ್‌ವೆಲ್ ಎಂಬುದೇ ಆ ಪೇಪರಿನ ಜೀವ.

ಅವರ ನೋಟ್‌ಬುಕ್‌ನಲ್ಲಿ ಒಂದು ಬಾವಿಯ ಜಾಗ 12 ಡಿಗ್ರಿ 31 ಮಿನಿಟ್ ಉತ್ತರ, 76 ಡಿಗ್ರಿ 54 ಮಿನಿಟ್ ಪೂರ್ವ ಎಂದಿತ್ತು. ನಾವು ಟೇಬಲ್‌ನಲ್ಲಿ 12.31, 76.54 ಎಂದು ಟೈಪ್ ಮಾಡಿದೆವು. ಒಂದು ಡಿಗ್ರಿಗೆ 60 ಮಿನಿಟ್. 31 ಮಿನಿಟ್ ಅಂದರೆ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಅದು 12.52 ಆಗಬೇಕಿತ್ತು, ಇನ್ನೊಂದು 76.90. ಅಷ್ಟು ಅಂಕಿಯಲ್ಲಿ ಬಾವಿ ಸುಮಾರು 45 ಕಿಲೋಮೀಟರ್ ಸರಿದುಹೋಯಿತು. ಒಂದಲ್ಲ, ಪಟ್ಟಿಯಲ್ಲಿದ್ದ ಎಲ್ಲವೂ.

ಜರ್ನಲ್ ಹುಡುಕಿದ್ದೂ ನಾವೇ. ಬೇಗ ಬರುತ್ತದೆ ಅಂತ ದುಡ್ಡು ಕಟ್ಟಿ ಹಾಕಿಸುವ ಒಂದು ಜರ್ನಲ್. ರಿವ್ಯೂವರ್‌ಗಳ ಹೆಸರು ಕೇಳಿದಾಗ ನಮ್ಮ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಕರಾರು ಮಾಡದೆ ಒಪ್ಪುವ ಪರಿಚಯಸ್ಥರ ಹೆಸರು, ಜಿಮೇಲ್ ವಿಳಾಸ ಬರೆದಿಟ್ಟ ನೋಟ್‌ಬುಕ್. ಅದರಿಂದ ಮೂರು ಹೆಸರು ಕೊಟ್ಟೆವು. ಒಂಬತ್ತನೇ ದಿನಕ್ಕೆ ಪೇಪರ್ ಒಪ್ಪಿಗೆಯಾಯಿತು. ರಿವ್ಯೂ ಅಂತ ಬಂದಿದ್ದು ಒಂದೇ ಸಾಲು. ಪೇಪರ್ ಚೆನ್ನಾಗಿದೆ, ಪ್ರಕಟಿಸಬಹುದು.

ಎರಡು ವರ್ಷ ಆದಮೇಲೆ ಒಬ್ಬ ಹುಡುಗ ಫೋನ್ ಮಾಡಿದ. ಶುದ್ಧ ನೀರಿನ ಘಟಕಗಳ ಸರ್ವೆ ಮಾಡುವ ಇಂಜಿನಿಯರ್. ‘ಸಾರ್, ಮಂಡ್ಯದ ಬೋರ್‌ವೆಲ್‌ಗಳೆಲ್ಲಾ ಮ್ಯಾಪ್‌ನಲ್ಲಿ ಮೈಸೂರು ಪಕ್ಕದ ಇಲವಾಲದ ಕಡೆ ಬಂದು ಕೂತಿವೆಯಲ್ಲಾ?’ ಅಂದ. ಅದಕ್ಕೂ ನಾಲ್ಕು ತಿಂಗಳ ಮುಂಚೆಯೇ ಮೇಲ್ ಹಾಕಿದ್ದನಂತೆ. ಪೇಪರಿನಲ್ಲಿ ಸಂಪರ್ಕಕ್ಕೆ ಕೊಟ್ಟಿದ್ದ ವಿಳಾಸ ನಮ್ಮ ಅಂಗಡಿಯದು. ಮೇಲ್ ಬಂದಿತ್ತು, ನಾವು ತೆರೆದೇ ಇರಲಿಲ್ಲ.

ತಿದ್ದುಪಡಿ ಹಾಕಿ ಎಂದು ಜರ್ನಲ್‌ಗೆ ಬರೆದೆವು. ಉತ್ತರವಿಲ್ಲ. ಮತ್ತೆ ಬರೆದೆವು. ಸಂಪಾದಕರ ವಿಳಾಸದಿಂದ ಮೇಲ್ ವಾಪಸ್ ಬಂತು. ಫೋನ್ ಸ್ವಿಚ್ ಆಫ್. ದುಡ್ಡು ತೆಗೆದುಕೊಳ್ಳುವಾಗ ದಿನಕ್ಕೆರಡು ಸಲ ಮಾತಾಡಿದವರು ಇವರೇ. ಮೇಷ್ಟ್ರನ್ನು ಕರೆಸಿ ಎಲ್ಲ ಹೇಳಿದೆವು. ಅವರು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: ‘ಹಾಗಾದ್ರೆ ಇದನ್ನ ಯಾರೂ ಓದಲೇ ಇಲ್ವಾ?’

ಓದಿರಲಿಲ್ಲ. ನಾವು ಮಾರುತ್ತಿದ್ದದ್ದು ಯಾರೂ ಓದದೇ ಇರುವ ಅನುಕೂಲವನ್ನೇ.

ಪೀರ್ ರಿವ್ಯೂ ಅಂದರೆ ಅದೇ ಕೆಲಸ ಬಲ್ಲ, ನಿಮಗೆ ಬೇಕಾದವರಲ್ಲದ ಒಬ್ಬರು ಕೂತು ಓದುವುದು. ಒಳ್ಳೆಯ ರಿವ್ಯೂವರ್ ಆಗಿದ್ದರೆ ಆ ಪಟ್ಟಿಯ ನಾಲ್ಕು ಬಾವಿಗಳನ್ನಾದರೂ ಮ್ಯಾಪ್ ಮೇಲೆ ಇಟ್ಟು ನೋಡುತ್ತಿದ್ದರು. ನೀರಿನ ರಸಾಯನದಲ್ಲಿ ಧನ ಅಯಾನು, ಋಣ ಅಯಾನುಗಳ, ಅಂದರೆ ಕರಗಿರುವ ಧನ ಮತ್ತು ಋಣ ವಿದ್ಯುದಂಶದ ಕಣಗಳ ಲೆಕ್ಕ ತಾಳೆಯಾಗಬೇಕು. ವ್ಯತ್ಯಾಸ ಸಾಮಾನ್ಯವಾಗಿ ಶೇ. 5ರ ಒಳಗಿರಬೇಕು. ಅದನ್ನು ಕೂಡಿ ಕಳೆದು ನೋಡುತ್ತಿದ್ದರು. ಹತ್ತು ನಿಮಿಷದ ಕೆಲಸ. ಕಬ್ಬಿನ ಲಾರಿ ಬಂದಾಗ ತೂಕದ ಮನೆಯಲ್ಲಿ ತೂಗುತ್ತಾರೆ. ಕಬ್ಬು ತಂದವನೇ ತೂಗಿ ತಾನೇ ಚೀಟಿ ಬರೆದುಕೊಂಡರೆ ಮಂಡ್ಯದಲ್ಲಿ ಯಾರಾದರೂ ಒಪ್ಪುತ್ತಾರಾ? ರಿವ್ಯೂವರ್ ಹೆಸರನ್ನು ನಾವೇ ಆರಿಸಿ ಕೊಟ್ಟಾಗ ಆಗಿದ್ದು ಅದೇ.

ನಮ್ಮಂಥ ಅಂಗಡಿಗಳಿಂದ ಇದು ಎಷ್ಟು ದೂರ ಹೋಗಿದೆ ಎಂಬುದು ಆಮೇಲೆ ಓದಿದಾಗ ತಿಳಿಯಿತು. 2014ರಲ್ಲಿ ಒಂದೇ ಜರ್ನಲ್ 60 ಪೇಪರ್‌ಗಳನ್ನು ಹಿಂದಕ್ಕೆ ಪಡೆಯಿತು. ಅದು ಕಂಪನದ ವಿಜ್ಞಾನದ ಜರ್ನಲ್. ಸುಳ್ಳು ಹೆಸರು, ಸುಳ್ಳು ಮೇಲ್ ವಿಳಾಸ ಕೊಟ್ಟು ತಮ್ಮ ಪೇಪರ್ ತಾವೇ ರಿವ್ಯೂ ಮಾಡಿಕೊಳ್ಳುವ ಗುಂಪೇ ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಪ್ರಕಟಣೆಯ ನೀತಿ ನೋಡಿಕೊಳ್ಳುವ ‘ಕೋಪ್’ ಎಂಬ ಸಮಿತಿ ಎಚ್ಚರಿಕೆ ಕೊಟ್ಟಿತು. ಲೇಖಕರಿಗೆ ಸಹಾಯ ಮಾಡುವ ಕೆಲವು ಏಜೆನ್ಸಿಗಳೇ ಇಂಥ ರಿವ್ಯೂವರ್‌ಗಳನ್ನು ಕೊಡುತ್ತಿವೆ ಎಂದು. ನಮ್ಮ ನೋಟ್‌ಬುಕ್‌ನ ಹೆಸರುಗಳು ಸುಳ್ಳಲ್ಲ, ನಿಜವಾದ ಮನುಷ್ಯರದ್ದು. ಆದರೂ ಅದನ್ನು ಓದಿದಾಗ ಹೊಟ್ಟೆ ಚುರ್ ಎಂದಿತು. ಆ ನೋಟ್‌ಬುಕ್ ಈಗ ಇಲ್ಲ, ಹರಿದು ಹಾಕಿದ್ದೇವೆ.

ಭೂವಿಜ್ಞಾನದಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಮೊದಲ ಪ್ರಶ್ನೆಯೇ ‘ಎಲ್ಲಿಂದ ತಂದಿರಿ?’ ಕಲ್ಲು ಎಂಥದ್ದೇ ಇರಲಿ, ಜಾಗ ಸುಳ್ಳಾದರೆ ಅದರ ಮೇಲೆ ಕಟ್ಟಿದ್ದೆಲ್ಲ ಸುಳ್ಳು. ನಮ್ಮ ದೇಶದಲ್ಲೇ ಆಗಿದೆ. ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಅವರು ಹಿಮಾಲಯದ ಪಳೆಯುಳಿಕೆಗಳ ಮೇಲೆ ಸುಮಾರು 25 ವರ್ಷ ನೂರಾರು ಪೇಪರ್ ಬರೆದರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬರೆದು, ಅವುಗಳಲ್ಲಿ ಎಷ್ಟೋ ಹಿಮಾಲಯದ್ದೇ ಅಲ್ಲ ಎಂದು ತೋರಿಸಿದರು. ಕೆಲವು ಮೊರಾಕೋದಲ್ಲಿ ಸಿಗುವಂಥವು, ಕೆಲವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದ ಬಂಡೆಯವಂತೆ ಇದ್ದವು. ಜೊತೆಗೆ ಹೆಸರು ಹಾಕಿಕೊಂಡ ಬೇರೆ ದೇಶದ ತಜ್ಞರು ಪಳೆಯುಳಿಕೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಜಾಗದ ಮಾತನ್ನು ಮಾತ್ರ ನಂಬಿಬಿಟ್ಟಿದ್ದರು. ಆ ಬೆಟ್ಟಕ್ಕೆ ಹೋಗಿ ನೋಡುವವರು ಯಾರು ಅಲ್ವಾ?

ನಮ್ಮ ಟೈಪಿಂಗ್ ತಪ್ಪು ಬೇರೆ, ಅದು ಬೇರೆ. ಆದರೆ ಎರಡರಲ್ಲೂ ಜಾಗವನ್ನು ಯಾರೂ ತಾಳೆ ನೋಡಲಿಲ್ಲ.

ದೊಡ್ಡ ಪ್ರಕಾಶಕರ ಕೈಯಲ್ಲೂ ಇದು ತಪ್ಪುತ್ತದೆ. 2021ರಲ್ಲಿ ಸ್ಪ್ರಿಂಗರ್‌ನವರ ‘ಅರೇಬಿಯನ್ ಜರ್ನಲ್ ಆಫ್ ಜಿಯೋಸೈನ್ಸಸ್’ 400ಕ್ಕೂ ಹೆಚ್ಚು ಪೇಪರ್‌ಗಳ ಮೇಲೆ ಅನುಮಾನದ ಸೂಚನೆ ಹಾಕಿತು. ಒಂದರ ಶೀರ್ಷಿಕೆಯಲ್ಲಿ ಗುಡ್ಡಗಾಡಿನ ಭೂಕಂಪವೂ ಇತ್ತು, ಬ್ಯಾಸ್ಕೆಟ್‌ಬಾಲ್ ಆಟದ ದೈಹಿಕ ಸಾಮರ್ಥ್ಯವೂ ಇತ್ತು. ಶೀರ್ಷಿಕೆ ಓದಿದರೂ ಸಾಕಿತ್ತು. ಹೆಸರುವಾಸಿ ಜರ್ನಲ್ ಎಂದ ಮಾತ್ರಕ್ಕೆ ನಾವು ಗ್ಯಾರಂಟಿ ಕೊಡಲಾರೆವು, ನೀವೂ ಕೇಳಬೇಡಿ.

ಮೋಸವೇ ಇಲ್ಲದೆಯೂ ಅಂಕಿ ಬದಲಾಗುತ್ತದೆ. 2020ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ಇದೆ ಎಂದು ಸುದ್ದಿ ಬಂದಾಗ ನಮ್ಮಲ್ಲೂ ಮ್ಯಾಪ್ ಕೇಳಿಕೊಂಡು ಜನ ಬಂದಿದ್ದರು. ಅದು ಅಂದಾಜಿನ ಅಂಕಿ, ಆಗಿನ್ನೂ ಪೇಪರ್ ಪ್ರಕಟವಾಗಿರಲಿಲ್ಲ. 2021ರಲ್ಲಿ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಹೇಳಿದ್ದು 1,600 ಟನ್. ಯಾರೂ ಸುಳ್ಳು ಹೇಳಲಿಲ್ಲ. ಸುದ್ದಿ ಓಡಿತು, ಪರಿಶೀಲನೆ ಹಿಂದೆ ನಡೆದುಕೊಂಡು ಬಂತು.

ಇನ್ನು ಸಿಮಿಲಾರಿಟಿ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ. 10ರವರೆಗೆ ಹೋಲಿಕೆಗೆ ದಂಡವಿಲ್ಲ, ಅಲ್ಲಿಂದ ಮೇಲೆ ಹಂತ ಹಂತವಾಗಿ ಶಿಕ್ಷೆ. ಥೀಸಿಸ್‌ನಲ್ಲಿ ಶೇ. 60 ದಾಟಿದರೆ ನೋಂದಣಿಯೇ ರದ್ದು. ಅದಕ್ಕೇ ‘10ಕ್ಕೆ ಇಳಿಸಿಕೊಡಿ’ ಅಂತ ಬರುತ್ತೀರಿ. ಸಾಫ್ಟ್‌ವೇರ್‌ಗೆ ಹಾಕಿದರೆ ಪದಗಳನ್ನು ತಿರುಚಿ ಕೊಡುತ್ತದೆ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂಬುದು ‘ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್’ (ನಕಲಿ ಪ್ರಜ್ಞೆ) ಆದ ಪೇಪರ್‌ಗಳನ್ನು 2021ರಲ್ಲಿ ಸಂಶೋಧಕರು ಹುಡುಕಿ ತೆಗೆದರು. ಹೋಲಿಕೆ ಇಳಿಯಿತು, ಅರ್ಥವೂ ಹೋಯಿತು. ಇನ್ನು ಮುಂದೆ ಬೇರೆಯವರ ಸಾಲು ಎಲ್ಲಿದೆ ಎಂದು ಗುರುತು ಹಾಕಿ ಕೊಡುತ್ತೇವೆ. ನಿಮ್ಮ ಮಾತಿನಲ್ಲಿ ನೀವೇ ಬರೆದು ತನ್ನಿ, ಭಾಷೆ ನಾವು ತಿದ್ದುತ್ತೇವೆ. ಕನ್ನಡದಲ್ಲಿ ಬರೆದು ತಂದರೂ ಆಯಿತು, ಕೂತು ಇಂಗ್ಲಿಷ್ ಮಾಡೋಣ.

ನಿಮ್ಮ ಅವಸರ ನಮಗೆ ಗೊತ್ತಿಲ್ಲವೆಂದಲ್ಲ. ಪ್ರಮೋಷನ್, ಇಂಟರ್‌ವ್ಯೂ, ಗೈಡ್ ಒತ್ತಡ. ಆದರೂ ಒಂದೆರಡು ವಿಷಯ ತಿಳಿದಿರಲಿ. ಪಿಎಚ್‌ಡಿ ಕೊಡುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಎಂದು ಮೊದಲು ವಿಚಾರಿಸಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯೂ 2025ರ ಫೆಬ್ರವರಿಯಲ್ಲಿ ನಿಂತಿತು. ‘ಲಿಸ್ಟ್‌ನಲ್ಲಿದೆಯಾ?’ ಎಂದು ಕೇಳಿ ಸುಮ್ಮನಾಗುವ ಕಾಲ ಮುಗಿಯಿತು. ದುಡ್ಡು ಕೇಳುವ ಜರ್ನಲ್ ಎಲ್ಲಾ ಕೆಟ್ಟದ್ದು ಅಂತಲೂ ಅಲ್ಲ. ಯುರೋಪಿನ ಭೂವಿಜ್ಞಾನ ಒಕ್ಕೂಟದ ಜರ್ನಲ್‌ಗಳು ಶುಲ್ಕ ತೆಗೆದುಕೊಳ್ಳುತ್ತವೆ, ಆದರೆ ರಿವ್ಯೂವರ್ ಏನು ಬರೆದರು, ಲೇಖಕರು ಏನು ಉತ್ತರ ಕೊಟ್ಟರು ಎಂಬುದನ್ನು ಎಲ್ಲರೂ ಓದುವ ಹಾಗೆ ಇಡುತ್ತವೆ. ಬಿಡುವಾದಾಗ ಒಂದನ್ನಾದರೂ ಓದಿ. ಒಳ್ಳೆಯ ರಿವ್ಯೂ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ.

ಹೋದ ವರ್ಷ ನಮ್ಮಲ್ಲೇ ಒಂದು ಒಳ್ಳೆಯದೂ ಆಯಿತು. ಸಿಂಧುವಳ್ಳಿ ಕಡೆಯ ಕ್ರೋಮೈಟ್ ಬಂಡೆಗಳ ಮೇಲೆ ಕೆಲಸ ಮಾಡುವ ಹುಡುಗಿಯೊಬ್ಬಳ ಪೇಪರ್‌ಗೆ ಆರು ಪುಟದ ರಿವ್ಯೂ ಬಂತು. ಕೌಂಟರ್ ಮುಂದೆಯೇ ಕಣ್ಣೀರು ಹಾಕಿದಳು. ನಾವು ಟೀ ತರಿಸಿ, ಒಂದೊಂದೇ ಪ್ರಶ್ನೆ ಕನ್ನಡದಲ್ಲಿ ಹೇಳಿದೆವು. ಮೂರನೇ ಪ್ರಶ್ನೆ ಹೀಗಿತ್ತು: ಕಲ್ಲಿನಲ್ಲಿರುವ ಆಕ್ಸೈಡ್‌ಗಳ ಮೊತ್ತ ನೂರರ ಬದಲು ಶೇ. 87 ಬರುತ್ತಿದೆಯಲ್ಲ, ಉಳಿದಿದ್ದು ಎಲ್ಲಿ? ಸರ್ಪೆಂಟೈನ್ ಎಂಬ ಖನಿಜವಾಗಿ ಬದಲಾದ ಕಲ್ಲಿನಲ್ಲಿ ಶೇ. 12-13ರಷ್ಟು ನೀರೇ ಇರುತ್ತದೆ. ಕಾಯಿಸಿ ತೂಕ ಎಷ್ಟು ಇಳಿಯಿತು ಎಂದು ಅಳೆದು ಬರೆಯಬೇಕಿತ್ತು, ಬಿಟ್ಟಿದ್ದಳು. ಲ್ಯಾಬ್‌ಗೆ ಹೋಗಿ ಅಳೆಸಿದಳು. ಎಂಟು ತಿಂಗಳು ಹಿಡಿಯಿತು. ಪೇಪರ್ ಬಂದ ದಿನ ಮೈಸೂರು ಪಾಕ್ ತಂದಳು. ‘ಅಣ್ಣಾ, ಅವರ್ಯಾರೋ ನನ್ನ ಕಲ್ಲನ್ನ ನನಗಿಂತ ಚೆನ್ನಾಗಿ ನೋಡಿದ್ರು’ ಅಂದಳು. ಇಂಥ ಕೆಲಸದಲ್ಲಿ ನಿಮ್ಮ ಜೊತೆ ಕೂರುವುದೇ ನಮಗೆ ಇಷ್ಟ.

ಈಗ ವ್ಯವಹಾರದ ಮಾತು. ಪ್ಯಾಕೇಜ್‌ಗೆ ಮುಂಗಡ ಕೊಟ್ಟು, ಪೇಪರ್ ಇನ್ನೂ ಹೋಗದೇ ಇರುವವರು ರಸೀದಿ ತನ್ನಿ. ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಬೇಡವಾದರೆ ಭಾಷೆ ತಿದ್ದುವ ಕೆಲಸಕ್ಕೆ ಹೊಂದಿಸಿಕೊಳ್ಳೋಣ. ಈಗಾಗಲೇ ನಮ್ಮ ಮೇಲ್ ವಿಳಾಸದಿಂದ ಹೋಗಿರುವ ಪೇಪರ್‌ಗಳ ಪಾಸ್‌ವರ್ಡ್ ಈ ತಿಂಗಳೊಳಗೆ ನಿಮಗೇ ಒಪ್ಪಿಸುತ್ತೇವೆ. ಸಂಪರ್ಕದ ವಿಳಾಸ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ. ಹೆಸರುಗಳ ಕ್ರಮದ ಬಗ್ಗೆ ನಮ್ಮನ್ನು ಕೇಳಬೇಡಿ. ಕೆಲಸ ಮಾಡದವರ ಹೆಸರು ಸೇರಿಸಿ ಎಂದರೆ ನಾವು ಸೇರಿಸುವುದಿಲ್ಲ. ನಿಮ್ಮ ಕರಡನ್ನು ಎಐ ಟೂಲ್‌ಗಳಿಗೆ ಹಾಕುವುದೂ ಇಲ್ಲ.

ಮ್ಯಾಪ್ ಕೆಲಸಕ್ಕೆ ಬರುವಾಗ ಫೀಲ್ಡ್ ನೋಟ್‌ಬುಕ್ ಅಥವಾ ಜಿಪಿಎಸ್ ಫೈಲ್ ಜೊತೆಗೇ ಇರಲಿ. ಟೇಬಲ್‌ನ ಪ್ರತಿ ಬಿಂದುವನ್ನೂ ನಿಮ್ಮ ಎದುರಿಗೇ ಮ್ಯಾಪ್ ಮೇಲೆ ಇಟ್ಟು, ನೀವು ‘ಹೌದು, ಇದೇ ಜಾಗ’ ಅಂದ ಮೇಲೆ ಪ್ರಿಂಟ್ ಕೊಡುತ್ತೇವೆ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಹಣವಿಲ್ಲ.

ಮೇಷ್ಟ್ರ ಬೋರ್‌ವೆಲ್‌ಗಳ ತಿದ್ದಿದ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಆ ಇಂಜಿನಿಯರ್‌ಗೆ ಕಳಿಸಿದ್ದೇವೆ. ಪ್ರತಿಗಳು ಕೌಂಟರ್‌ನಲ್ಲಿವೆ. ಆ ಪೇಪರ್ ಅನ್ನು ನಿಮ್ಮ ಥೀಸಿಸ್‌ನಲ್ಲಿ ಯಾರಾದರೂ ಬಳಸಿದ್ದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.

ನಿಮ್ಮವರು,
ಅಂಗಡಿಯ ಮೂವರೂ ಪಾಲುದಾರರು