ಉಪಮೆ, ರೂಪಕ, ಉತ್ಪ್ರೇಕ್ಷೆ: ಸದಸ್ಯರ ಗಮನಕ್ಕೆ

ಈ ವಾರದ ಅಭ್ಯಾಸದಲ್ಲಿ ಹಲವರು ಉಪಮೆ (ಒಂದನ್ನು ಇನ್ನೊಂದಕ್ಕೆ ಹೋಲಿಸುವ ಅಲಂಕಾರ) ಮತ್ತು ರೂಪಕಗಳನ್ನು ಒಂದೇ ಎಂದು ಗುರುತಿಸಿರುವುದರಿಂದ ಈ ವಿವರಣೆ ಅಗತ್ಯವೆನಿಸಿತು. ‘ಮಗುವಿನ ಕೆನ್ನೆ ಬೆಣ್ಣೆಯಂತೆ ಮೃದುವಾಗಿದೆ’ ಎಂಬಲ್ಲಿ ಕೆನ್ನೆ ಉಪಮೇಯ (ಹೋಲಿಸಲ್ಪಡುವುದು), ಬೆಣ್ಣೆ ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ‘ಅಂತೆ’ ಉಪಮಾವಾಚಕ (ಹೋಲಿಕೆಯನ್ನು ಸೂಚಿಸುವ ಪದ), ಮೃದುತ್ವ ಸಮಾನಧರ್ಮ (ಎರಡರಲ್ಲೂ ಇರುವ ಗುಣ). ಈ 4 ಅಂಶಗಳೂ ಇರುವುದರಿಂದ ಇದು ಪೂರ್ಣೋಪಮೆ, ಒಂದಾದರೂ ಲೋಪವಾದರೆ ಲುಪ್ತೋಪಮೆ. ‘ಸಂಸಾರಸಾಗರವನ್ನು ದಾಟಿದರು’ ಎನ್ನುವಾಗ ಸಂಸಾರವೇ ಸಾಗರವಾಗಿಬಿಡುತ್ತದೆ; ಈ ಅಭೇದವೇ ರೂಪಕ.

ಆದರೆ ‘ಅಂತೆ’ ಕಂಡೊಡನೆ ಉಪಮೆ ಎಂದು ಬರೆಯಬೇಡಿ (ಹೆಚ್ಚಿನವರು ಎಡವುವುದು ಇಲ್ಲಿಯೇ). ‘ನಾಳೆ ಬರುತ್ತಾನಂತೆ’ ಎಂಬಲ್ಲಿ ಅದು ಕೇಳಿದ ಸುದ್ದಿಯನ್ನಷ್ಟೇ ಸೂಚಿಸುತ್ತದೆ. ‘ಭೂಮಿಯ ದಾಹ ಕಂಡು ಮುಗಿಲು ಕಣ್ಣೀರಿಟ್ಟಿತೋ ಎಂಬಂತೆ ಮಳೆ ಸುರಿಯಿತು’ ಎಂಬಲ್ಲಿ ಮಳೆಯನ್ನು ಕಣ್ಣೀರೆಂದು ಕಲ್ಪಿಸಿರುವುದರಿಂದ ಅದು ಉತ್ಪ್ರೇಕ್ಷೆ.

ಭಾನುವಾರದೊಳಗೆ ಮೂರಕ್ಕೂ ಒಂದೊಂದು ಸ್ವಂತ ವಾಕ್ಯವನ್ನು, ಉಪಮೇಯ ಮತ್ತು ಉಪಮಾನಗಳನ್ನು ಗುರುತಿಸಿ ಕಳುಹಿಸಬೇಕೆಂದು ವಿನಂತಿ.