ನೀಲಿ ಕ್ಲಿಪ್ಪಿನ ಕಳ್ಳ

ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ, ಅಕ್ಟೋಬರ್ 12

ಪ್ರೀತಿಯ ಅಮ್ಮ,

ನಾನು ಆರಾಮಾಗಿದ್ದೇನೆ. ಬಟ್ಟೆ ಹಗ್ಗದಿಂದ ಕ್ಲಿಪ್ಪು ಕಾಣೆಯಾಗುತ್ತಿವೆ ಅಂದಿದ್ದೆನಲ್ಲ, ನೀನು ಗಾಳಿಗೆ ಬಿದ್ದಿರಬೇಕು ಅಂದೆ. ಗಾಳಿಯಲ್ಲ. ಗಾಳಿಯಾದರೆ ಕೆಂಪು, ಬಿಳಿ ಕ್ಲಿಪ್ಪೂ ಹೋಗಬೇಕಿತ್ತು. ಹೋಗಿದ್ದು ನೀಲಿಯವು ಮಾತ್ರ!

ಮೊನ್ನೆ ಹಿತ್ತಿಲಾಚೆಯ ಪೊದೆಯೊಳಗೆ ಬಗ್ಗಿ ನೋಡಿದೆ. ಯಾರೋ ನೆಲದಲ್ಲಿ ಸಣ್ಣ ಕಡ್ಡಿಗಳನ್ನು ಎರಡು ಸಾಲು ನೆಟ್ಟು ಪುಟ್ಟ ಓಣಿ ಮಾಡಿದ್ದರು. ಎದುರಿಗೆ ಗಿಳಿಯ ನೀಲಿ ಗರಿ, ನೀಲಿ ಮುಚ್ಚಳ, ನೀಲಿ ಸ್ಟ್ರಾ, ನನ್ನ ನಾಲ್ಕು ಕ್ಲಿಪ್ಪು. ಕಳ್ಳ ಒಂದು ಹಕ್ಕಿ, ಹೆಸರು ಸ್ಯಾಟಿನ್ ಬವರ್‌ಬರ್ಡ್. ಮೈ ಕಪ್ಪು, ಬಿಸಿಲು ಬಿದ್ದರೆ ಕಡುನೀಲಿ ಹೊಳಪು. ಈ ಬಣ್ಣ ಪೂರ್ತಿ ಬರಲು ಗಂಡಿಗೆ ಸುಮಾರು 7 ವರ್ಷ ಬೇಕು. ಅಲ್ಲಿಯವರೆಗೆ ಅದೂ ಹೆಣ್ಣಿನಂತೆ ಹಸಿರು. ಹಸಿರು ಹುಡುಗರೂ ಸುಮ್ನೆ ಕಡ್ಡಿ ನೆಟ್ಟು ಕಲಿಯುತ್ತಾರೆ. ಅವರ ಕೆಲಸ ನೋಡಬೇಕು ನೀನು, ಸೊಟ್ಟಸೊಟ್ಟ!

ಆ ಕಡ್ಡಿಗಳ ಓಣಿ ಗೂಡಲ್ಲ ಅಮ್ಮ. ಹೆಣ್ಣಿಗೆ ತೋರಿಸಲು ಕಟ್ಟಿದ ಚಪ್ಪರ. ನಿಜವಾದ ಗೂಡನ್ನು ಹೆಣ್ಣೇ ಮರದ ಮೇಲೆ ಕಟ್ಟುತ್ತದೆ. ಕಾವು ಕೂರುವುದು, ಮರಿ ಸಾಕುವುದು ಎಲ್ಲ ಅವಳೊಬ್ಬಳೇ. ಗಂಡು ಒಂದು ಹುಳವನ್ನೂ ತಂದುಕೊಡುವುದಿಲ್ಲ. ಆದರೂ ಅವಳು ಹಲವು ಚಪ್ಪರ ನೋಡಿ ಬಂದು, ಕೆಲವನ್ನು ಮತ್ತೆ ನೋಡಿ, ಆಮೇಲೆ ಒಬ್ಬನನ್ನು ಆರಿಸುತ್ತಾಳೆ. ಗಂಡು ಗಿಡದ ಚೂರನ್ನು ಅಗಿದು, ಎಂಜಲು ಸೇರಿಸಿ, ಕಡ್ಡಿಗೋಡೆಗೆ ಬಣ್ಣ ಬಳಿಯುತ್ತದೆ. ಅವಳು ಅದನ್ನೂ ಕೊಕ್ಕಿನಲ್ಲಿ ರುಚಿ ನೋಡುತ್ತಾಳೆ. ಅಕ್ಕಪಕ್ಕದ ಗಂಡುಗಳು ಒಂದರ ನೀಲಿ ಸಾಮಾನು ಇನ್ನೊಂದು ಕದಿಯುತ್ತವೆ, ಚಪ್ಪರವನ್ನೇ ಕೆಡವಿ ಹಾಕುತ್ತವೆ. ಹಾಗಾಗಿ ಚಪ್ಪರ ನೆಟ್ಟಗೆ ನಿಂತಿದೆ ಅಂದರೆ ಅದನ್ನು ಕಾಯುವವನು ಗಟ್ಟಿಗನೇ.

ನನಗೆ ಜಾಸ್ತಿ ಹಿಡಿಸಿದ್ದು ಕುಣಿತ. ಬಾಯಲ್ಲಿ ನೀಲಿ ವಸ್ತು ಕಚ್ಚಿಕೊಂಡು, ಗರಿ ಉಬ್ಬಿಸಿ, ಗುಂಯ್ ಅಂತ ಸದ್ದು ಮಾಡುತ್ತಾ ಆಚೆಗೊಮ್ಮೆ ಈಚೆಗೊಮ್ಮೆ ನುಗ್ಗುತ್ತದೆ. ನಡುವೆ ಬೇರೆ ಹಕ್ಕಿಗಳ ಕೂಗಿನ ನಕಲು ಬೇರೆ. ಜಗಳಕ್ಕೆ ಬಂದ ಹಾಗೇ ಇರುತ್ತದೆ. ಹೆಣ್ಣು ಬೆಚ್ಚುತ್ತದೆ, ಎಷ್ಟೋ ಸಲ ಹಾರಿಯೇ ಹೋಗುತ್ತದೆ. ಗೇಲ್ ಪ್ಯಾಟ್ರಿಸೆಲ್ಲಿ ಅನ್ನುವ ವಿಜ್ಞಾನಿ ಒಂದು ರೋಬಾಟ್ ಹೆಣ್ಣು ಮಾಡಿಸಿ ಚಪ್ಪರದೊಳಗೆ ಇಟ್ಟರಂತೆ. ಅದು ಬೆಚ್ಚಬಲ್ಲದು, ಮೈ ತಗ್ಗಿಸಿ ಕೂರಬಲ್ಲದು. ಹೆಣ್ಣು ತಗ್ಗಿ ಕೂತರೆ ಕುಣಿತಕ್ಕೆ ಹೆದರಿಲ್ಲ ಅಂತ ಅರ್ಥ. 2002ರಲ್ಲಿ ಇದರ ಫಲಿತಾಂಶ ಬಂತು. ಅವಳು ಎಷ್ಟು ತಗ್ಗಿದ್ದಾಳೆ ಅಂತ ನೋಡಿಕೊಂಡು ಆರ್ಭಟ ಏರಿಸಿ ಇಳಿಸುವ ಗಂಡುಗಳಿಗೇ ನಿಜವಾದ ಹೆಣ್ಣುಗಳೂ ಜಾಸ್ತಿ ಒಲಿಯುತ್ತಿದ್ದವು.

ನಮ್ಮ ಕಳ್ಳನಿಗೆ ಅದಿನ್ನೂ ತಿಳಿದ ಹಾಗಿಲ್ಲ. ನಿನ್ನೆ ಒಬ್ಬಳು ಬಂದು ಒಳಗೆ ನಿಂತಳು. ಇವನು ನನ್ನ ಕ್ಲಿಪ್ಪು ಕಚ್ಚಿಕೊಂಡು ಒಮ್ಮೆಲೇ ನುಗ್ಗಿದ. ಅವಳು ಪುರ್ರನೆ ಹಾರಿಹೋದಳು. ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಕ್ಲಿಪ್ಪನ್ನು ಗರಿಯ ಪಕ್ಕದಲ್ಲಿಟ್ಟ, ತೆಗೆದ, ಮುಚ್ಚಳದ ಪಕ್ಕದಲ್ಲಿಟ್ಟ. ವಾಪಸ್ ತರೋಣ ಅಂತ ಹೋದವನು ಬರಿಗೈಯಲ್ಲೇ ಬಂದೆ.

ಅಪ್ಪನಿಗೂ ಇದನ್ನು ಓದಿ ಹೇಳು.

ನಿನ್ನ ಮಗ