ಮೊದಲು ಅಗೆದು ನೋಡಿ, ಕಲ್ಲು ಆಮೇಲೆ ನಿಲ್ಲಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮ ಕಾಸರಗೋಡಿನ ಗುಡ್ಡೆಯ ಹಳೇ ಅನಾಥಾಲಯದ ಹಿಂದಿನ ಜಾಗದ ಬಗ್ಗೆ ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ. ಅಲ್ಲಿ ಮಕ್ಕಳನ್ನು ಮಣ್ಣು ಮಾಡಿದ್ದು ಊರಿಗೆಲ್ಲ ಗೊತ್ತು.

ನನ್ನ ಅಪ್ಪನ ಅಕ್ಕನೂ ಅಲ್ಲೇ ಇದ್ದಾಳೆ. 1948ರಲ್ಲಿ ಅಜ್ಜ ತೀರಿಕೊಂಡ ಮೇಲೆ, ಸಾಕಲಾಗದೆ ಅಜ್ಜಿ ಅವಳನ್ನು ಅಲ್ಲಿ ಬಿಟ್ಟರು. ಮರುವರ್ಷ ಆಟಿ ತಿಂಗಳಲ್ಲಿ ಬಾಳೆಲೆಗೆ ಪತ್ರೊಡೆ ಕಟ್ಟಿಕೊಂಡು, ಅಪ್ಪನ ಕೈಹಿಡಿದು ನೋಡಲು ಹೋದರೆ, "ಜ್ವರ ಬಂದಿತ್ತು, ಮೊನ್ನೆಯೇ ಮಣ್ಣು ಮಾಡಿದೆವು" ಅಂದರಂತೆ. ಎಲ್ಲಿ ಅಂತ ತೋರಿಸಲೂ ಇಲ್ಲ. ಕಟ್ಟು ಬಿಚ್ಚದೆ ಮಳೆಯಲ್ಲಿ ವಾಪಸ್ ಬಂದದ್ದು ಅಪ್ಪನಿಗೆ ಇವತ್ತಿಗೂ ನೆನಪು.

ಕಳೆದ ತಿಂಗಳು ಜಾಗ ಸಮ ಮಾಡಲು ಜೆಸಿಬಿ ಬಂತು. ನೋಟಿಸು ಬರೀ ಮಲಯಾಳದಲ್ಲಿ. ಕನ್ನಡದಲ್ಲೂ ಕೊಡಬೇಕು ಅನ್ನೋದು ನಿಮಗೆ ಗೊತ್ತಿರುವುದೇ. ಎತ್ತಿ ಹಾಕಿದ ಮಣ್ಣಲ್ಲಿ ಹಸಿರು ಗಾಜಿನ ಬಳೆ ಚೂರು ಸಿಕ್ಕಿತು. ಮಗುವಿನ ಕೈಯಳತೆಯದು. ಅಧಿಕಾರಿಯೊಬ್ಬರಿಗೆ ತೋರಿಸಿದೆ. "ಹಳೇ ಕಥೆ ಅಲ್ವಾ, ಅನಾಮಿಕ ಮಕ್ಕಳ ನೆನಪಿಗೆ ಅಂತ ಒಂದು ಕಲ್ಲು ನಿಲ್ಲಿಸಿದರಾಯ್ತು" ಅಂದರು.

ಅನಾಮಿಕರಾ ಸ್ವಾಮೀ? ಅವಳಿಗೆ ಹೆಸರಿತ್ತು. 1956ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆ, 1984ರ ತನಕ ಕಣ್ಣೂರು ಜಿಲ್ಲೆ. ಹಾಗಾಗಿ ಸಾವಿನ ದಾಖಲೆ ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ಇಲ್ಲಿ ಅನ್ನುತ್ತಾರೆ. ನೀವು ಕೇಳಿದರೆ ಹುಡುಕಿಕೊಡುತ್ತಾರೆ.

ಐರ್ಲೆಂಡಿನ ಟ್ಯೂಮ್ ಊರಲ್ಲೂ ಹೀಗೇ ಆಗಿತ್ತು. ತಾಯಿ-ಮಕ್ಕಳ ಆಶ್ರಮವಿದ್ದ ಜಾಗದಲ್ಲಿ ಊರವರೇ ಸಣ್ಣ ತೋಟ ಮಾಡಿ ನೋಡಿಕೊಳ್ಳುತ್ತಿದ್ದರು. ಕ್ಯಾಥರೀನ್ ಕೋರ್ಲೆಸ್ ಅನ್ನುವವರು ದಾಖಲೆ ತೆಗೆಸಿ ಅಲ್ಲಿ ಸತ್ತ 796 ಮಕ್ಕಳ ಹೆಸರು ಹೊರಗೆ ತಂದರು. 2022ರಲ್ಲಿ ಅಲ್ಲಿ ಇದಕ್ಕೆಂದೇ ಕಾಯ್ದೆ ಬಂತು. 2025ರ ಜುಲೈಯಲ್ಲಿ ಅಗೆಯಲು ಶುರು ಮಾಡಿದರು. ತೋಟವಿದೆ, ಸಾಕು ಅಂತ ಸುಮ್ನೆ ಕೂರಲಿಲ್ಲ.

ಮಲಗಿದ ಮಕ್ಕಳನ್ನು ಎಬ್ಬಿಸಬೇಡಿ ಅನ್ನುವ ಮನೆಯವರೂ ಇದ್ದಾರೆ. ಅವರನ್ನೂ ಕೂರಿಸಿ ಕೇಳಿ. ಯಾರನ್ನೂ ಕೇಳದೆ ಸಿಮೆಂಟು ಹಾಕಬೇಡಿ. ನಮ್ಮದು ಮುರಕಲ್ಲಿನ ಹುಳಿ (ಆಮ್ಲೀಯ) ಮಣ್ಣು, ಮಳೆಯೂ ಜಾಸ್ತಿ. ಎಲುಬು ಬೇಗ ಕರಗುತ್ತದೆ. ಅಪ್ಪನಿಗೆ 84. ಡಿಎನ್‌ಎ ಹೋಲಿಸಲು ಅವಳ ಒಡಹುಟ್ಟು ಅಂತ ಉಳಿದಿರುವುದು ಅವರೊಬ್ಬರೇ.

ಜೆಸಿಬಿ ನಿಲ್ಲಿಸಿ. ತಿಳಿದವರನ್ನು ಕರೆಸಿ, ಕೈಯಲ್ಲಿ ಅಗೆಸಿ ನೋಡಿ. ಏನೂ ಸಿಗದಿದ್ದರೆ ಆಗ ಕಲ್ಲು ನಿಲ್ಲಿಸಿ, ಅದರ ಮೇಲೆ ಹೆಸರು ಕೆತ್ತಿಸಿ. ಮೊದಲು ಅಗೆದು ನೋಡಿ.

ಬಳೆ ಚೂರನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಯಾರ ಕೈಗೆ ಕೊಡಲಿ, ಹೇಳಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ